ಗೆಳೆಯರಿಬ್ಬರಿಗೆ ರುವಾಂಡಾ: ಒಂದು ವಾರ, ಮೂರು ಊರು

ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳ ವಿಸ್ತೀರ್ಣವನ್ನು ಕೂಡಿದರೆ ಎಷ್ಟಾಗುತ್ತದೋ ಹೆಚ್ಚೂಕಡಿಮೆ ಅಷ್ಟೇ ದೊಡ್ಡದು ರುವಾಂಡಾ. ಸರಿಯಾಗಿ ಹೇಳುವುದಾದರೆ 26,338 ಚದರ ಕಿಲೋಮೀಟರ್. ಅಷ್ಟರೊಳಗೆ 4,507 ಮೀಟರ್ ಎತ್ತರದ ಜ್ವಾಲಾಮುಖಿ ಪರ್ವತವಿದೆ, ಬೆಟ್ಟದ ಗೊರಿಲ್ಲಾಗಳ ಕಾಡಿದೆ, ಸಮುದ್ರದಂತೆ ಹಬ್ಬಿದ ಸರೋವರವಿದೆ, ಸಿಂಹ-ಜಿರಾಫೆಗಳ ಹುಲ್ಲುಗಾವಲಿದೆ, ಕಾಫಿ-ಚಹಾ ಬೆಳೆಯುವ ಗುಡ್ಡಗಳಿವೆ. 1 ಕೋಟಿ 30 ಲಕ್ಷಕ್ಕೂ ಹೆಚ್ಚು ಜನರೂ ಇದ್ದಾರೆ. ಮಧ್ಯ ಆಫ್ರಿಕಾದ ಈ ದೇಶದ ಸುತ್ತ ಉಗಾಂಡಾ, ತಾಂಜಾನಿಯಾ, ಬುರುಂಡಿ ಮತ್ತು ಕಾಂಗೊ ಇವೆ. ಸಮುದ್ರ ತೀರವಿಲ್ಲ.

ಇಬ್ಬರು ಗೆಳೆಯರು ಒಂದು ವಾರದ ರಜೆಯಲ್ಲಿ ಆಫ್ರಿಕಾ ನೋಡಬೇಕೆಂದರೆ ನಾನು ಮೊದಲು ಹೇಳುವ ಹೆಸರು ಇದೇ. ರಸ್ತೆಗಳು ಚೆನ್ನಾಗಿವೆ, ಬಸ್ಸುಗಳು ಹೇಳಿದ ಹೊತ್ತಿಗೆ ಹೊರಡುತ್ತವೆ, ಇಂಗ್ಲಿಷ್‌ನಲ್ಲಿ ವ್ಯವಹರಿಸಬಹುದು, ರಾಜಧಾನಿಯಲ್ಲಿ ಹೆಣ್ಣುಮಕ್ಕಳು ಸಂಜೆಯ ಮೇಲೂ ಅಂಜದೆ ಓಡಾಡುತ್ತಾರೆ. ಜೊತೆಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳುತ್ತೇನೆ. ದೇಶ ಚಿಕ್ಕದು, ಎಲ್ಲವನ್ನೂ ನೋಡಿ ಮುಗಿಸೋಣ ಎಂಬ ಆಸೆ ಬೇಡ. ಅಲ್ಲಿ ಸಪಾಟಾದ ನೆಲ ಕಡಿಮೆ. ರಸ್ತೆಗಳು ಗುಡ್ಡ ಸುತ್ತಿಕೊಂಡೇ ಸಾಗುತ್ತವೆ. ವೇಗದ ಮಿತಿಯನ್ನು ಕ್ಯಾಮೆರಾ ಇಟ್ಟು ಕಾಯುತ್ತಾರೆ. ನಕ್ಷೆಯಲ್ಲಿ 100 ಕಿಲೋಮೀಟರ್ ಕಂಡದ್ದು ರಸ್ತೆಯಲ್ಲಿ ಎರಡು-ಎರಡೂವರೆ ತಾಸು. ಒಂದು ವಾರಕ್ಕೆ ಮೂರು ಊರು ಸಾಕು. ಈ ಲೇಖನವಿಡೀ ಆ ಲೆಕ್ಕದ ಮೇಲೆಯೇ ನಿಂತಿದೆ.

ಹೊರಡುವ ಮುನ್ನ

*ವೀಸಾ:* ರುವಾಂಡಾ ಬ್ರಿಟಿಷರ ವಸಾಹತಾಗಿರಲಿಲ್ಲ. ಆದರೂ 2009ರಲ್ಲಿ ಕಾಮನ್‌ವೆಲ್ತ್ ಸೇರಿತು. ಇದರಿಂದ ನಮಗೊಂದು ಅನುಕೂಲವಾಗಿದೆ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ 30 ದಿನಗಳ ಪ್ರವಾಸಿ ವೀಸಾವನ್ನು ಕಿಗಾಲಿ ವಿಮಾನ ನಿಲ್ದಾಣದಲ್ಲೇ, ಶುಲ್ಕವಿಲ್ಲದೆ ಕೊಡುವ ವ್ಯವಸ್ಥೆಯಿದೆ. ಭಾರತೀಯರೂ ಅದರಲ್ಲಿ ಸೇರಿದ್ದಾರೆ. ಆರು ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್, ಮರಳುವ ಟಿಕೆಟ್, ಉಳಿಯುವ ಜಾಗದ ಬುಕಿಂಗ್ ಕೈಯಲ್ಲಿರಲಿ. ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ತೆಗೆಯುವ ಮೊದಲು ಆ ದೇಶದ ವಲಸೆ ಇಲಾಖೆಯ ಜಾಲತಾಣವನ್ನು ಒಮ್ಮೆ ನೋಡಿ.

*ಹಳದಿ ಜ್ವರದ ಲಸಿಕೆ:* ಇದನ್ನು ಮರೆತರೆ ತೊಂದರೆ ಎದುರಾಗುವುದು ನಮ್ಮದೇ ದೇಶಕ್ಕೆ ಮರಳಿದಾಗ. ಹಳದಿ ಜ್ವರವಿರುವ ದೇಶಗಳೆಂದು ಭಾರತ ಸರ್ಕಾರ ಮಾಡಿರುವ ಪಟ್ಟಿಯಲ್ಲಿ ರುವಾಂಡಾ ಇದೆ. ದಾರಿಯಲ್ಲಿ ಸಿಗುವ ಇಥಿಯೋಪಿಯಾ, ಕೆನ್ಯಾ ಕೂಡ ಇವೆ. ಲಸಿಕೆ ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಆಮೇಲೆ ಅದು ಜೀವಮಾನವಿಡೀ ನಡೆಯುತ್ತದೆ. ಸರ್ಕಾರದ ಅನುಮತಿ ಪಡೆದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ. ಅಲ್ಲಿಯೂ ನಿಗದಿತ ದಿನಗಳಲ್ಲಿ, ಮುಂಚೆ ಹೆಸರು ಬರೆಸಿದವರಿಗೆ. ಹೊರಡುವುದಕ್ಕೆ ಒಂದು ತಿಂಗಳಿರುವಾಗಲೇ ಈ ಕೆಲಸ ಮುಗಿಸಿ. ಹಳದಿ ಪುಸ್ತಕದಲ್ಲಿ ಬರೆದ ಪಾಸ್‌ಪೋರ್ಟ್ ಸಂಖ್ಯೆ ಸರಿಯಿದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಮಾತ್ರೆ ತೆಗೆದುಕೊಂಡರೂ ಸಂಜೆ ತುಂಬು ತೋಳಿನ ಅಂಗಿ, ಸೊಳ್ಳೆಪರದೆ ಬೇಕು.

*ವಿಮಾನ:* ಬೆಂಗಳೂರಿನಿಂದ ಅಡಿಸ್ ಅಬಾಬಾಕ್ಕೆ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನವಿದೆ. ಅಲ್ಲಿಂದ ಕಿಗಾಲಿ ಎರಡೂವರೆ-ಮೂರು ತಾಸಿನ ಹಾದಿ. ದೋಹಾ ಮೂಲಕ ಅಥವಾ ಮುಂಬೈ-ನೈರೋಬಿ ಮೂಲಕವೂ ಹೋಗಬಹುದು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ.

*ಯಾವಾಗ:* ಭೂಮಧ್ಯರೇಖೆಗೆ ಹತ್ತಿರವಿದ್ದರೂ ಎತ್ತರದ ನಾಡಾದ್ದರಿಂದ ಸೆಕೆಯಿಲ್ಲ. ಕಿಗಾಲಿಯೇ 1,500 ಮೀಟರಿಗಿಂತ ಎತ್ತರದಲ್ಲಿದೆ. ವರ್ಷವಿಡೀ ಹಗಲಿಗೆ ಹಿತವಾದ ಬಿಸಿಲು, ರಾತ್ರಿಗೆ ಸ್ವೆಟರ್. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್-ನವೆಂಬರ್‌ನಲ್ಲಿ ಸಣ್ಣ ಮಳೆ. ಜೂನ್‌ನಿಂದ ಸೆಪ್ಟೆಂಬರ್ ನಡುವಿನವರೆಗೆ ಒಣಹವೆ, ಕಾಡು ಹತ್ತಲು ಅದೇ ಒಳ್ಳೆಯ ಕಾಲ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಚಿಕ್ಕ ಒಣಹವೆಯೂ ಆಗುತ್ತದೆ. ಏಪ್ರಿಲ್ 7ರಿಂದ ಒಂದು ವಾರ ದೇಶವೇ ಶೋಕಾಚರಣೆಯಲ್ಲಿರುತ್ತದೆ. ಆಗ ಸಂಗೀತ, ಮನರಂಜನೆ ನಿಂತಿರುತ್ತವೆ. ಹಗುರ ಮನಸ್ಸಿನ ರಜೆಗೆ ಅದು ಸಮಯವಲ್ಲ.

*ಹಣ:* ರುವಾಂಡಾ ಫ್ರಾಂಕ್ ಅಲ್ಲಿಯ ನಾಣ್ಯ. ಒಂದು ಡಾಲರಿಗೆ ಸಾವಿರಕ್ಕೂ ಹೆಚ್ಚು ಫ್ರಾಂಕ್. ನಮ್ಮ ಯುಪಿಐ ಅಲ್ಲಿ ನಡೆಯುತ್ತದೆಂದು ನಂಬಿ ಹೊರಡಬೇಡಿ. ಹೋಟೆಲುಗಳಲ್ಲಿ ಕಾರ್ಡ್ ನಡೆಯುತ್ತದೆ. ಬೈಕ್ ಟ್ಯಾಕ್ಸಿ, ಸಂತೆ, ಸಣ್ಣ ಖಾನಾವಳಿಗೆ ನಗದು ಬೇಕು. ಡಾಲರ್ ನೋಟುಗಳು ಹೊಸ ಮುದ್ರಣದವಾಗಿರಲಿ, ಹರಿದಿರಬಾರದು, ಮೇಲೆ ಗೀಚಿರಬಾರದು. ಹಳೆಯ ನೋಟುಗಳನ್ನು ಬ್ಯಾಂಕುಗಳೂ ಮುಟ್ಟುವುದಿಲ್ಲ. ಸ್ಥಳೀಯರು ಮೊಬೈಲ್ ಮನಿಯಲ್ಲೇ ಎಲ್ಲ ವ್ಯವಹಾರ ಮಾಡುತ್ತಾರೆ. ಸ್ಥಳೀಯ ಸಿಮ್ ಕೊಂಡರೆ ಪ್ರವಾಸಿಗರೂ ಅದನ್ನು ಬಳಸಬಹುದು.

*ಪ್ಲಾಸ್ಟಿಕ್:* 2008ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ದೇಶವಿದು. ಚಟ್ನಿಪುಡಿ, ಅವಲಕ್ಕಿ ಒಯ್ಯುವವರು ಡಬ್ಬಿಯಲ್ಲಿ ಹಾಕಿಕೊಳ್ಳಿ. ಬಟ್ಟೆಗೆ ಬಟ್ಟೆಯ ಚೀಲವೇ ಇರಲಿ. ಪ್ಲಾಸ್ಟಿಕ್ ಚೀಲ ಕಂಡರೆ ವಿಮಾನ ನಿಲ್ದಾಣದಲ್ಲೇ ತೆಗೆಸಿಬಿಡುತ್ತಾರೆ.

ಗೆಳೆಯರು ಮೊದಲೇ ಮಾತಾಡಿಕೊಳ್ಳಬೇಕಾದದ್ದು

ಇಬ್ಬರೇ ಹೋಗುವ ಪ್ರವಾಸದಲ್ಲಿ ಮನಸ್ತಾಪಕ್ಕೆ ಕಾರಣವಾಗುವುದು ಹೆಚ್ಚಾಗಿ ಹಣ. ರುವಾಂಡಾದಲ್ಲಿ ಆ ಪ್ರಶ್ನೆ ಗೊರಿಲ್ಲಾ ಪರವಾನಗಿಯ ರೂಪದಲ್ಲಿ ಬರುತ್ತದೆ. ವಿದೇಶಿಯರಿಗೆ ಒಂದು ಗಂಟೆಯ ಗೊರಿಲ್ಲಾ ದರ್ಶನಕ್ಕೆ ತಲಾ 1,500 ಡಾಲರ್, ಅಂದರೆ ಒಂದೂಕಾಲು ಲಕ್ಷ ರೂಪಾಯಿಗೂ ಮೇಲೆ. ಒಬ್ಬರಿಗೆ ಅದು ಬಾಳಿನ ಕನಸಾಗಿರಬಹುದು, ಇನ್ನೊಬ್ಬರಿಗೆ ಸಲ್ಲದ ಖರ್ಚು. ವಿಮಾನ ಟಿಕೆಟ್ ಕೊಳ್ಳುವ ಮೊದಲೇ ಎದುರುಬದುರು ಕೂತು ಮಾತಾಡಿ.

ಒಳ್ಳೆಯ ಸಂಗತಿಯೆಂದರೆ ಇಬ್ಬರೂ ಒಂದೇ ತೀರ್ಮಾನಕ್ಕೆ ಬರಬೇಕಿಲ್ಲ. ಗೊರಿಲ್ಲಾಗಳಿರುವ ಅದೇ ಕಾಡಿನಲ್ಲಿ ಬಿದಿರುಮೆಳೆಗಳ ನಡುವೆ ಬದುಕುವ ಗೋಲ್ಡನ್ ಮಂಕಿ ಎಂಬ ಹೊಂಬಣ್ಣದ ಕೋತಿಗಳನ್ನು ನೋಡಲು 100 ಡಾಲರ್ ಸಾಕು. ಎರಡಕ್ಕೂ ಹೊರಡುವ ಜಾಗ ಒಂದೇ, ಹೊತ್ತೂ ಒಂದೇ. ಒಬ್ಬರು ಗೊರಿಲ್ಲಾ ನೋಡಲು, ಮತ್ತೊಬ್ಬರು ಕೋತಿ ನೋಡಲು ಹೋಗಿ ಮಧ್ಯಾಹ್ನ ಊಟಕ್ಕೆ ಸೇರಬಹುದು. ನಾನೂ ನನ್ನ ಗೆಳತಿಯೂ ಹೀಗೆಯೇ ಮಾಡಿದೆವು. ಆ ಊಟದ ಹೊತ್ತಿನ ಮಾತು ಪ್ರವಾಸದ ಅತಿ ಸಂತೋಷದ ಗಳಿಗೆಗಳಲ್ಲಿ ಒಂದು.

ಇನ್ನೂ ಮೂರು ವಿಷಯ ಮೊದಲೇ ತೀರ್ಮಾನವಾಗಿರಲಿ. ಒಂದು, ತಪ್ಪಿಸಲೇಬಾರದ ಒಂದೊಂದು ಜಾಗವನ್ನು ಇಬ್ಬರೂ ಹೇಳಬೇಕು. ಅವೆರಡನ್ನು ಬಿಟ್ಟು ಉಳಿದದ್ದೆಲ್ಲ ಬದಲಾಗಬಹುದು. ಎರಡು, ಬಸ್ಸು, ಊಟ, ಕೋಣೆ, ಕಾರಿಗೆ ಒಂದು ಸಾಮಾನ್ಯ ಗಂಟು ಮಾಡಿ, ಇಬ್ಬರೂ ಸಮನಾಗಿ ಹಾಕಿ, ಖರ್ಚನ್ನು ಅದರಿಂದಲೇ ತೆಗೆಯಿರಿ. ಪ್ರತಿ ಚಹಾಕ್ಕೂ ಲೆಕ್ಕ ಬರೆಯುವ ಕಷ್ಟ ತಪ್ಪುತ್ತದೆ. ಮೂರು, ಒಬ್ಬರಿಗೆ ನೆಗಡಿ-ಜ್ವರ ಬಂದರೆ ಏನು ಮಾಡುವುದು? ನಮ್ಮ ಶೀತ-ಕೆಮ್ಮು ಗೊರಿಲ್ಲಾಗಳಿಗೆ ಪ್ರಾಣಾಂತಿಕವಾಗಬಲ್ಲುದು. ಹಾಗಾಗಿ ಕಾಯಿಲೆಯಿದ್ದವರನ್ನು ಕಾಡಿಗೆ ಬಿಡುವುದಿಲ್ಲ. ಹಾಗೇನಾದರೂ ಆದರೆ ಇನ್ನೊಬ್ಬರು ಸಂಕೋಚವಿಲ್ಲದೆ ಹೋಗಿಬರಬೇಕೆಂದು ಊರಿನಲ್ಲೇ ಮಾತಾಗಿದ್ದರೆ ಅಲ್ಲಿ ಮುಜುಗರವಿರುವುದಿಲ್ಲ.

ಮೊದಲ ಎರಡು ದಿನ: ಕಿಗಾಲಿ

ಗುಡ್ಡದಿಂದ ಗುಡ್ಡಕ್ಕೆ ಹಬ್ಬಿರುವ ನಗರ ಕಿಗಾಲಿ. ನಗರದೊಳಗೆ ಓಡಾಡಲು 'ಮೊಟೊ' ಎನ್ನುವ ಬೈಕ್ ಟ್ಯಾಕ್ಸಿ ಸುಲಭ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕೊಡುತ್ತಾರೆ, ಹಾಕಿಕೊಳ್ಳಲೇಬೇಕು. ಒಂದು ಮೊಟೊದಲ್ಲಿ ಒಬ್ಬರಿಗೆ ಮಾತ್ರ ಜಾಗ. ಇಬ್ಬರೂ ಬೇರೆಬೇರೆ ಗಾಡಿಯಲ್ಲಿ ಹೋಗಬೇಕಾದ್ದರಿಂದ ಇಳಿಯುವ ಜಾಗದ ಹೆಸರು ಇಬ್ಬರಿಗೂ ಗೊತ್ತಿರಲಿ, ದರವನ್ನು ಹತ್ತುವ ಮೊದಲೇ ಮಾತಾಡಿ. ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕಿಮಿರೊಂಕೊ ಸಂತೆಗೆ ಬೆಳಗ್ಗೆ ಹೋಗಿ. ಬಾಳೆ, ಗೆಣಸು, ಮರಗೆಣಸು, ಹತ್ತಾರು ಬಣ್ಣದ ಬೀನ್ಸ್ ಕಾಳು, ಪ್ಯಾಶನ್ ಹಣ್ಣು, ಹುಳಿಸಿಹಿಯ 'ಮರ ಟೊಮೆಟೊ' ರಾಶಿ ಬಿದ್ದಿರುತ್ತವೆ. ಪಕ್ಕದಲ್ಲೇ ಬಣ್ಣದ ಬಟ್ಟೆ ಮಾರುವವರು, ಅದನ್ನು ಅಲ್ಲೇ ಹೊಲಿದು ಕೊಡುವ ದರ್ಜಿಗಳು. 'ಅಗಸೆಕೆ' ಎಂಬ ಶಂಕುವಿನಾಕಾರದ ಮುಚ್ಚಳದ ಹೆಣೆದ ಬುಟ್ಟಿಯನ್ನೂ 'ಇಮಿಗೊಂಗೊ' ಫಲಕವನ್ನೂ ಕೊಳ್ಳಲು ಇದು ಒಳ್ಳೆಯ ಜಾಗ. ಇಮಿಗೊಂಗೊ ಹಸುವಿನ ಸಗಣಿಯಿಂದ ಮಾಡುವ ಚಿತ್ರಕಲೆ. ಹಲಗೆಯ ಮೇಲೆ ಸಗಣಿಯಲ್ಲಿ ಉಬ್ಬು ಗೆರೆಗಳ ವಿನ್ಯಾಸ ಬಿಡಿಸಿ, ಒಣಗಿಸಿ, ಕಪ್ಪು, ಬಿಳಿ, ಕೆಮ್ಮಣ್ಣಿನ ಬಣ್ಣ ತುಂಬುತ್ತಾರೆ. ದೇಶದ ಪೂರ್ವಭಾಗದ ಹೆಣ್ಣುಮಕ್ಕಳ ಕೈಯಲ್ಲಿ ಉಳಿದುಬಂದ ಕಲೆ ಇದು. ಚೌಕಾಸಿ ಮಾಡಬಹುದು, ಮೆಲುದನಿಯಲ್ಲಿ.

ತಿಂಗಳ ಕೊನೆಯ ಶನಿವಾರ ನೀವು ಅಲ್ಲಿದ್ದರೆ ಬೆಳಗ್ಗೆ 8ರಿಂದ 11ರವರೆಗೆ ಅಂಗಡಿ ಮುಚ್ಚಿ, ವಾಹನ ವಿರಳವಾಗಿರುವುದನ್ನು ಕಾಣುತ್ತೀರಿ. ಅದು 'ಉಮುಗಾಂಡ', ಊರವರೆಲ್ಲ ಸೇರಿ ಚರಂಡಿ-ರಸ್ತೆ ಸರಿಪಡಿಸುವ, ಗಿಡ ನೆಡುವ ಕೆಲಸ ಮಾಡುವ ದಿನ. ಆ ಹೊತ್ತಿಗೆ ಪ್ರಯಾಣ ಇಟ್ಟುಕೊಳ್ಳಬೇಡಿ.

ಗಿಸೊಜಿಯ ಸ್ಮಾರಕ: ಅರ್ಧ ದಿನ ಮೀಸಲಿಡಿ

ಈ ದೇಶಕ್ಕೆ ಹೋಗಿ ಗಿಸೊಜಿ ಗುಡ್ಡದ ಮೇಲಿನ ಕಿಗಾಲಿ ನರಮೇಧ ಸ್ಮಾರಕವನ್ನು ನೋಡದೆ ಬರಬಾರದು. ಎರಡು ಜಾಗಗಳ ನಡುವೆ ತುರುಕಿ ನೋಡುವಂಥದ್ದೂ ಅಲ್ಲ.

1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಇದ್ದ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನದಿಂದ ಸುಮಾರು ನೂರು ದಿನ ನಡೆದ ಹತ್ಯಾಕಾಂಡದಲ್ಲಿ ಎಂಟರಿಂದ ಹತ್ತು ಲಕ್ಷ ಟುಟ್ಸಿ ಜನರನ್ನು, ಅವರ ಪರ ನಿಂತ ಹುಟು ಜನರನ್ನು ಕೊಂದರು. ಕೊಂದವರಲ್ಲಿ ಸೇನೆ ಮತ್ತು ಪುಂಡರ ಪಡೆಗಳಷ್ಟೇ ಅಲ್ಲ, ನೆರೆಹೊರೆಯವರೂ ಇದ್ದರು. ಬೆಲ್ಜಿಯಂ ಆಡಳಿತ 1930ರ ದಶಕದಲ್ಲಿ ಗುರುತಿನ ಚೀಟಿಯಲ್ಲಿ ಬರೆಸಿದ ಜನಾಂಗದ ಹೆಸರು ಅರವತ್ತು ವರ್ಷಗಳ ನಂತರ ರಸ್ತೆ ತಡೆಗಳಲ್ಲಿ ಯಾರು ಸಾಯಬೇಕೆಂದು ತೀರ್ಮಾನಿಸುವ ಸಾಧನವಾಯಿತು. ಜಗತ್ತು ನೋಡುತ್ತ ನಿಂತಿತು. ಜುಲೈ 4ರಂದು ರುವಾಂಡಾ ಪೇಟ್ರಿಯಾಟಿಕ್ ಫ್ರಂಟ್ ಪಡೆ ಕಿಗಾಲಿಯನ್ನು ಹಿಡಿಯಿತು.

2004ರಲ್ಲಿ ತೆರೆದ ಈ ಸ್ಮಾರಕದಲ್ಲಿ ಎರಡೂವರೆ ಲಕ್ಷ ಜನರ ಸಮಾಧಿಯಿದೆ. ಪ್ರವೇಶ ಉಚಿತ, ಆಡಿಯೊ ಮಾರ್ಗದರ್ಶಿಗೆ ಶುಲ್ಕವಿದೆ, ಅದನ್ನು ತೆಗೆದುಕೊಳ್ಳಿ. ಕೊನೆಗೆ ಮಕ್ಕಳ ಕೋಣೆ. ಒಂದೊಂದು ಮಗುವಿನ ಚಿತ್ರದ ಕೆಳಗೆ ಹೆಸರು, ವಯಸ್ಸು, ಇಷ್ಟದ ತಿಂಡಿ, ಇಷ್ಟದ ಆಟ, ಸತ್ತ ರೀತಿ ಬರೆದಿದ್ದಾರೆ. ಇಬ್ಬರೂ ಒಟ್ಟಿಗೆ ಒಳಗೆ ಹೋಗಿ, ಆದರೆ ಬೇರೆಬೇರೆಯಾಗಿ ನಡೆಯಿರಿ. ಒಬ್ಬೊಬ್ಬರಿಗೆ ಒಂದೊಂದು ಜಾಗದಲ್ಲಿ ನಿಲ್ಲಬೇಕೆನಿಸುತ್ತದೆ. ಫೋಟೊದ ಯೋಚನೆ ಬಿಡಿ. ಹೊರಬಂದ ಮೇಲೆ ತೋಟದಲ್ಲಿ ಕೂತಿರಿ. ಆ ದಿನ ಮಧ್ಯಾಹ್ನಕ್ಕೆ ಬೇರೆ ಕಾರ್ಯಕ್ರಮ ಬೇಡ.

ಈ ಸ್ಮಾರಕವೂ ನ್ಯಾಮಾಟ, ಮುರಾಂಬಿ, ಬಿಸೆಸೆರೊ ಸ್ಮಾರಕಗಳೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ರುವಾಂಡಾದಲ್ಲಿದ್ದಾಗ ಒಂದು ಮರ್ಯಾದೆಯನ್ನು ಕಡ್ಡಾಯವಾಗಿ ಪಾಲಿಸಿ. ಯಾರನ್ನೂ 'ನೀವು ಹುಟುವೋ ಟುಟ್ಸಿಯೋ' ಎಂದು ಕೇಳಬೇಡಿ. ಆ ಗುರುತನ್ನು ಚೀಟಿಯಿಂದಲೂ ಸಾರ್ವಜನಿಕ ಮಾತಿನಿಂದಲೂ ದೇಶ ತೆಗೆದುಹಾಕಿದೆ. ನಿಮ್ಮೊಡನೆ ಮಾತಾಡುವ ನಡುವಯಸ್ಸಿನವರಲ್ಲಿ ಹೆಚ್ಚಿನವರು ಆ ದಿನಗಳನ್ನು ಹಾದುಬಂದವರು ಎಂಬುದು ನೆನಪಿರಲಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ.

ಮೂರನೆಯ, ನಾಲ್ಕನೆಯ ದಿನ: ಮುಸಾಂಜೆ

ಕಿಗಾಲಿಯ ನ್ಯಾಬುಗೊಗೊ ಬಸ್ ನಿಲ್ದಾಣದಿಂದ, ಗೊರಿಲ್ಲಾ ಕಾಡಿಗೆ ಹತ್ತಿರದ ಊರಾದ ಮುಸಾಂಜೆಗೆ ಆಗಾಗ ಬಸ್ಸುಗಳಿವೆ. ಸೀಟು ಇದ್ದಷ್ಟು ಜನರಿಗೇ ಟಿಕೆಟ್. ದಾರಿಯುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡಗಳು, ತಲೆಯ ಮೇಲೆ ಹೊರೆ ಹೊತ್ತು ನಡೆಯುವವರು, ಬಾಳೆ ಗೊನೆ ತುಂಬಿದ ಸೈಕಲ್ ತಳ್ಳುವವರು ಕಾಣುತ್ತಾರೆ. ಊರು ಸಮೀಪಿಸಿದಂತೆ ವಿರುಂಗಾ ಜ್ವಾಲಾಮುಖಿಗಳ ಸಾಲು ಎದ್ದುನಿಲ್ಲುತ್ತದೆ. ರುವಾಂಡಾದ ಪಾಲಿಗೆ ಬರುವುವು ಕರಿಸಿಂಬಿ, ಬಿಸೊಕೆ, ಸಬಿನ್ಯೊ, ಗಹಿಂಗಾ, ಮುಹಾಬುರಾ.

ಮೂರನೆಯ ದಿನ ಮಧ್ಯಾಹ್ನ ಬುರೇರಾ ಮತ್ತು ರುಹೊಂಡೊ ಅವಳಿ ಸರೋವರಗಳಿಗೆ ಹೋಗಿಬನ್ನಿ. ಅಥವಾ ಕಾಡಿನ ಬಳಿಯ ಕಿನಿಗಿಯಲ್ಲಿರುವ ಡಯಾನ್ ಫಾಸಿ ಗೊರಿಲ್ಲಾ ನಿಧಿಯ ಸಂಶೋಧನಾ ಕೇಂದ್ರಕ್ಕೆ ಹೋಗಿ. 2022ರಲ್ಲಿ ತೆರೆದ ಈ ಕೇಂದ್ರದಲ್ಲಿ ಒಳ್ಳೆಯ ವಸ್ತುಪ್ರದರ್ಶನವಿದೆ. ಮರುದಿನ ಕಾಡಿಗೆ ಹೋಗುವವರು ಇದನ್ನು ನೋಡಿಕೊಂಡರೆ ಗೊರಿಲ್ಲಾಗಳ ನಡವಳಿಕೆ ಅರ್ಥವಾಗುತ್ತದೆ. ಅಮೆರಿಕದ ಡಯಾನ್ ಫಾಸಿ 1967ರಲ್ಲಿ ಈ ಬೆಟ್ಟಗಳಲ್ಲಿ ಕರಿಸೊಕೆ ಶಿಬಿರ ಹಾಕಿ ಗೊರಿಲ್ಲಾಗಳ ಬದುಕನ್ನು ಅಧ್ಯಯನ ಮಾಡಿದವರು. ಕಳ್ಳಬೇಟೆಯ ವಿರುದ್ಧ ಹೋರಾಡುತ್ತಲೇ 1985ರ ಡಿಸೆಂಬರ್‌ನಲ್ಲಿ ಅದೇ ಶಿಬಿರದಲ್ಲಿ ಕೊಲೆಯಾದರು. ಬೆಟ್ಟದ ಗೊರಿಲ್ಲಾಗಳ ಒಟ್ಟು ಸಂಖ್ಯೆ 1980ರ ದಶಕದಲ್ಲಿ ಕೆಲವೇ ನೂರಕ್ಕೆ ಇಳಿದಿತ್ತು. ಈಗ ಸಾವಿರ ದಾಟಿದೆ.

ಗೊರಿಲ್ಲಾ ಪರವಾನಗಿಯನ್ನು ರುವಾಂಡಾ ಅಭಿವೃದ್ಧಿ ಮಂಡಳಿಯಿಂದ, ಅದರ ಜಾಲತಾಣದಲ್ಲಿ ನೇರವಾಗಿ ಕೊಳ್ಳಬಹುದು. ಪ್ರವಾಸ ಸಂಸ್ಥೆಗಳ ಮೂಲಕವೂ ಆಗುತ್ತದೆ. ಜೂನ್-ಸೆಪ್ಟೆಂಬರ್‌ಗಾದರೆ ಹಲವು ತಿಂಗಳು ಮೊದಲೇ ಮಾಡಬೇಕು. ವಯಸ್ಸು 15 ದಾಟಿರಬೇಕು. ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಎಂಟೇ ಪ್ರವಾಸಿಗರು, ಒಂದೇ ಗಂಟೆ.

ಕಾಡಿಗೆ ಹೋಗುವ ದಿನ ಬೆಳಗ್ಗೆ 7ಕ್ಕೆ ಪಾಸ್‌ಪೋರ್ಟ್ ಸಮೇತ ಕಿನಿಗಿಯ ಕಚೇರಿಯಲ್ಲಿರಬೇಕು. ಮುಸಾಂಜೆಯಿಂದ ಅಲ್ಲಿಗೂ, ಅಲ್ಲಿಂದ ಕಾಡಿನಂಚಿಗೂ ವಾಹನ ನಿಮ್ಮದೇ ಆಗಬೇಕು, ಪರವಾನಗಿಯ ದರದಲ್ಲಿ ಅದು ಸೇರಿಲ್ಲ. ಹಿಂದಿನ ದಿನವೇ ಜೀಪು ಗೊತ್ತುಮಾಡಿ. ಎಷ್ಟು ನಡೆಯಬಲ್ಲಿರಿ ಎಂದು ಮಾರ್ಗದರ್ಶಕರಿಗೆ ನಿಜ ಹೇಳಿ; ಕೆಲವು ಕುಟುಂಬಗಳು ಅರ್ಧ ಗಂಟೆಯ ದಾರಿಯಲ್ಲಿ ಸಿಗುತ್ತವೆ, ಕೆಲವಕ್ಕೆ ನಾಲ್ಕು ತಾಸು ಹತ್ತಬೇಕು. ಕಾಡಿನಂಚಿನವರೆಗೂ ಆಲೂಗಡ್ಡೆ ಹೊಲಗಳು, ಸೊಳ್ಳೆ-ಕೀಟನಾಶಕಕ್ಕಾಗಿ ಬೆಳೆಯುವ ಪೈರೆಥ್ರಂನ ಬಿಳಿ ಹೂಗಳು. ಒಳಗೆ ಕೆಸರು, ಇಳಿಜಾರು, ಮೈಗೆ ತಾಗಿದರೆ ಉರಿಯುವ ತುರಿಕೆ ಗಿಡ. ಹಿಡಿತವಿರುವ ಬೂಟು, ಗಟ್ಟಿ ಪ್ಯಾಂಟು, ಉದ್ದ ಕಾಲುಚೀಲ, ಕೈಗವಸು, ಮಳೆ ಕೋಟು ಬೇಕು. ಚೀಲ ಹೊರಲು ಹಳ್ಳಿಯ ಯುವಕರು ಸಿಗುತ್ತಾರೆ. ನೀವು ಗಟ್ಟಿಗರಾಗಿದ್ದರೂ ಒಬ್ಬರನ್ನು ಕರೆದುಕೊಳ್ಳಿ. ಇಳಿಜಾರಿನಲ್ಲಿ ಅವರು ಕೊಡುವ ಕೈ ದೊಡ್ಡ ಆಸರೆ, ನೀವು ಕೊಡುವ ಕೂಲಿ ಕಾಡಿನ ಪಕ್ಕದ ಮನೆಗೆ ನೇರವಾಗಿ ಸೇರುತ್ತದೆ.

ಗೊರಿಲ್ಲಾಗಳ ಹತ್ತಿರ ಮುಖಗವಸು ಹಾಕಿಕೊಂಡು, ಮಾರ್ಗದರ್ಶಕರು ಹೇಳಿದಷ್ಟು ದೂರದಲ್ಲಿ ನಿಲ್ಲಿ. ಅವೇ ಹತ್ತಿರ ಬಂದರೆ ಸದ್ದಿಲ್ಲದೆ ಹಿಂದೆ ಸರಿಯಿರಿ. ಫ್ಲ್ಯಾಶ್ ಬೇಡ. ಮೊದಲ ಹತ್ತು ನಿಮಿಷ ಕ್ಯಾಮೆರಾ ಮುಟ್ಟದೆ ಬರೀ ನೋಡಿ. ಗಂಡು ಗೊರಿಲ್ಲಾದ ಬೆನ್ನಿನ ಬೆಳ್ಳಿ ಬಣ್ಣ, ಮರಿಯ ತಲೆ ಹೇನು ಆರಿಸುವ ತಾಯಿಯ ಬೆರಳು, ಬೆತ್ತದಂಥ ದಂಟನ್ನು ಸುಲಿದು ತಿನ್ನುವ ನಾಜೂಕು ಎಲ್ಲವೂ ಆಗ ಮನಸ್ಸಿನಲ್ಲಿ ಕೂರುತ್ತವೆ.

ಇಷ್ಟು ದುಬಾರಿ ಏಕೆ ಎಂದು ಯಾರಿಗಾದರೂ ಅನಿಸುತ್ತದೆ. ಸಂಖ್ಯೆ ಮಿತಿಯಲ್ಲಿಟ್ಟು ದರ ಹೆಚ್ಚಿಸುವುದು ಅಲ್ಲಿಯ ಸರ್ಕಾರದ ನೀತಿ. ರಾಷ್ಟ್ರೀಯ ಉದ್ಯಾನಗಳ ಪ್ರವಾಸೋದ್ಯಮ ಆದಾಯದ ಶೇ 10ರಷ್ಟನ್ನು ಸುತ್ತಲಿನ ಹಳ್ಳಿಗಳ ಶಾಲೆ, ಆಸ್ಪತ್ರೆ, ನೀರಿನ ಕೆಲಸಗಳಿಗೆ ಕೊಡುತ್ತಾರೆ. ಕಾಡು ಉಳಿದರೆ ತಮ್ಮ ಬದುಕೂ ಹಸನಾಗುತ್ತದೆ ಎಂದು ಹಳ್ಳಿಗರಿಗೆ ಅನಿಸಿದ್ದೂ ಗೊರಿಲ್ಲಾಗಳ ಸಂಖ್ಯೆ ಏರಲು ಒಂದು ಕಾರಣ. ಕಾಡಂಚಿನ ರೈತರೂ ಆನೆಗಳೂ ದಿನಾ ಮುಖಾಮುಖಿಯಾಗುವ ಕೊಡಗು, ಹಾಸನದಿಂದ ಹೋದವರು ಈ ಏರ್ಪಾಟನ್ನು ಗಮನವಿಟ್ಟು ನೋಡಬೇಕು.

ಐದನೆಯ, ಆರನೆಯ ದಿನ: ಕಿವು ಸರೋವರ

ಮುಸಾಂಜೆಯಿಂದ ಪಶ್ಚಿಮಕ್ಕೆ ಇಳಿದರೆ ಕಿವು. ದಡದಲ್ಲಿ ರುಬಾವು, ಕರೊಂಗಿ, ರುಸಿಜಿ ಎಂಬ ಊರುಗಳಿವೆ. ಹತ್ತಿರದ್ದು ರುಬಾವು, ಆದರೆ ಅದು ಕಾಂಗೊದ ಗೋಮಾ ನಗರಕ್ಕೆ ಅಂಟಿಕೊಂಡಿದೆ. ಗೋಮಾ 2025ರ ಜನವರಿಯಲ್ಲಿ ಎಂ-23 ಬಂಡುಕೋರರ ವಶವಾಯಿತು. ಗಡಿಯ ಪರಿಸ್ಥಿತಿ ನೋಡಿಕೊಂಡೇ ಅಲ್ಲಿ ತಂಗುವ ತೀರ್ಮಾನ ಮಾಡಿ. ಗಡಿ ದಾಟುವ ಯೋಚನೆಯಂತೂ ಬೇಡವೇ ಬೇಡ. ನಾನು ಹೇಳುವುದು ದಕ್ಷಿಣಕ್ಕಿರುವ ಕರೊಂಗಿ. ರುಬಾವುವಿನಿಂದ ಸರೋವರದ ಪಕ್ಕದಲ್ಲೇ ಸಾಗುವ ಡಾಂಬರು ರಸ್ತೆಯಿದೆ. ಇಬ್ಬರು ಸೇರಿ ಚಾಲಕನಿರುವ ಕಾರು ಮಾಡಿಕೊಳ್ಳಲು ಇದೇ ತಕ್ಕ ಹಾದಿ. ಇಂಧನ, ಚಾಲಕನ ಊಟ-ವಸತಿ ದರದಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ.

ಕರೊಂಗಿಯಲ್ಲಿ ಮಾಡಬೇಕಾದ ಕೆಲಸ ಕಡಿಮೆ. ಅದೇ ಅದರ ಗುಣ. ಬೆಳಗ್ಗೆ ದೋಣಿ ಮಾಡಿಕೊಂಡು ನಡುಗಡ್ಡೆಗಳಿಗೆ ಹೋಗಿ. ನೆಪೋಲಿಯನ್ ದ್ವೀಪದಲ್ಲಿ ಸಾವಿರಾರು ತೊಗಲುಬಾವಲಿಗಳಿವೆ. ಜೀವರಕ್ಷಕ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ಸಂಜೆ 'ಸಂಬಾಜಾ' ಎಂಬ ಬೆರಳುದ್ದದ ಮೀನು ಹಿಡಿಯುವವರು ಮೂರು ದೋಣಿಗಳನ್ನು ಉದ್ದನೆಯ ಗಳುಗಳಿಂದ ಜೋಡಿಸಿ, ಹಾಡುತ್ತ ಹುಟ್ಟುಹಾಕುತ್ತ ಹೊರಡುತ್ತಾರೆ. ರಾತ್ರಿಯಿಡೀ ದೀಪ ಬೆಳಗಿ ಮೀನು ಸೆಳೆಯುತ್ತಾರೆ. 480 ಮೀಟರಿನಷ್ಟು ಆಳವಿರುವ ಈ ಸರೋವರದ ತಳದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಅಪಾರವಾಗಿ ಕರಗಿವೆ. ಕರೊಂಗಿಯ ಬಳಿಯ ಕಿವುವಾಟ್ ಘಟಕ ಆ ಮೀಥೇನನ್ನು ಮೇಲೆತ್ತಿ 2016ರಿಂದ ವಿದ್ಯುತ್ ಮಾಡುತ್ತಿದೆ. ದೇಶಕ್ಕೆ ಬೆಳಕು ಸಿಗುತ್ತದೆ, ಅಪಾಯದ ಅನಿಲವೂ ಅಷ್ಟರಮಟ್ಟಿಗೆ ಇಳಿಯುತ್ತದೆ.

ಮಲೆನಾಡಿನವರು, ಕೊಡಗಿನವರು ಇಲ್ಲಿ ಒಂದು ಕಾಫಿ 'ವಾಷಿಂಗ್ ಸ್ಟೇಷನ್' ನೋಡಲೇಬೇಕು. ನಮ್ಮಲ್ಲಿಯಂತೆ ದೊಡ್ಡ ನೆರಳು ಮರಗಳ ಕೆಳಗಿನ ಎಸ್ಟೇಟ್‌ಗಳು ಅಲ್ಲಿ ಅಪರೂಪ. ಒಬ್ಬೊಬ್ಬ ರೈತನದು ಕೆಲವು ನೂರು ಅರೇಬಿಕಾ ಗಿಡ, ಹೆಚ್ಚಾಗಿ ಬೂರ್ಬನ್ ತಳಿ, ಬುಡಕ್ಕೆ ಹುಲ್ಲಿನ ಹೊದಿಕೆ. ಮಾರ್ಚ್‌ನಿಂದ ಜೂನ್-ಜುಲೈವರೆಗೆ ಕೊಯ್ಲು. ಕೊಯ್ದ ಹಣ್ಣನ್ನು ಅದೇ ದಿನ ವಾಷಿಂಗ್ ಸ್ಟೇಷನ್ನಿಗೆ ಮುಟ್ಟಿಸುತ್ತಾರೆ. ಪಲ್ಪ್ ಮಾಡಿ, ಹುಳಿಸಿ, ತೊಳೆದ ಬೀಜ ಎತ್ತರದ ಮಂಚಗಳ ಮೇಲೆ ಒಣಗುತ್ತದೆ. ಸುತ್ತ ಕೂತ ಹೆಂಗಸರು ಕೆಟ್ಟ ಬೀಜಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಾರೆ. ಕೆಲವು ಕೇಂದ್ರಗಳು ಮುಂಚೆ ತಿಳಿಸಿದರೆ ಸುತ್ತಾಡಿಸಿ ಕಾಫಿ ರುಚಿ ತೋರಿಸುತ್ತವೆ.

ಏಳನೆಯ ದಿನ: ಮರಳುವ ಹಾದಿ

ಕರೊಂಗಿಯಿಂದ ಕಿಗಾಲಿಗೆ ಮೂರು ತಾಸು. ಬೇಗ ಹೊರಟರೆ ಮುಹಾಂಗಾದಿಂದ ದಕ್ಷಿಣಕ್ಕೆ ತಿರುಗಿ ನ್ಯಾಂಜಾದ ಅರಮನೆ ವಸ್ತುಸಂಗ್ರಹಾಲಯ ನೋಡಿ ಬರಬಹುದು. ಹುಲ್ಲಿನ ಗುಮ್ಮಟದ ಹಳೆಯ ಅರಮನೆಯನ್ನು ಅಲ್ಲಿ ಮತ್ತೆ ಕಟ್ಟಿದ್ದಾರೆ. ಮಾರುದ್ದ ಕೊಂಬಿನ ಇನ್ಯಾಂಬೊ ಹಸುಗಳಿಗೆ ದನಗಾಹಿಗಳು ಹಾಡು ಹೇಳುವುದನ್ನು ಕೇಳಬಹುದು. ಹಸು ಅಲ್ಲಿ ಸಂಪತ್ತು, ಗೌರವ, ಸ್ನೇಹದ ಕಾಣಿಕೆ ಎಲ್ಲವೂ ಹೌದು. ಬಡ ಕುಟುಂಬಕ್ಕೊಂದು ಹಸು ಕೊಡುವ 'ಗಿರಿಂಕಾ' ಯೋಜನೆ 2006ರಲ್ಲಿ ಶುರುವಾಯಿತು. ಅದರಲ್ಲಿ ಹುಟ್ಟಿದ ಮೊದಲ ಹೆಣ್ಣುಕರುವನ್ನು ನೆರೆಯವರಿಗೆ ದಾಟಿಸಬೇಕು. 2018ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಇದೇ ಯೋಜನೆಗೆ 200 ಹಸುಗಳನ್ನು ಭಾರತದ ಪರವಾಗಿ ಕೊಟ್ಟರು.

ಸರೋವರದ ಬದಲು ಹುಲ್ಲುಗಾವಲು ಬೇಕೆಂದರೆ

ಪೂರ್ವದ ಅಕಗೇರಾ ಉದ್ಯಾನ ಕಿಗಾಲಿಯಿಂದ ಎರಡೂವರೆ ತಾಸು. ನರಮೇಧದ ನಂತರ ಮರಳಿದ ನಿರಾಶ್ರಿತರು ನೆಲೆಯೂರಿದಾಗ ಉದ್ಯಾನ ಅರ್ಧಕ್ಕೂ ಹೆಚ್ಚು ಕುಗ್ಗಿತು, ಸಿಂಹಗಳು ಇಲ್ಲವಾದವು. 2010ರಿಂದ ಆಫ್ರಿಕನ್ ಪಾರ್ಕ್ಸ್ ಸಂಸ್ಥೆ ಸರ್ಕಾರದೊಡನೆ ಸೇರಿ ಅದನ್ನು ಮತ್ತೆ ಕಟ್ಟಿತು. 2015ರಲ್ಲಿ ಸಿಂಹಗಳು, 2017ರಲ್ಲಿ ಕಪ್ಪು ಘೇಂಡಾಮೃಗಗಳು, 2021ರಲ್ಲಿ 30 ಬಿಳಿ ಘೇಂಡಾಮೃಗಗಳು ಅಲ್ಲಿಗೆ ಬಂದವು. ಇಹೇಮಾ ಸರೋವರದ ದೋಣಿಯಿಂದ ನೀರಾನೆ, ಮೊಸಳೆ ಕಾಣುತ್ತವೆ. ಇಲ್ಲಿಗೆ ಒಂದು ರಾತ್ರಿಯಾದರೂ ಬೇಕು. ಹಾಗಾಗಿ ಕಿವು ಅಥವಾ ಅಕಗೇರಾ, ಎರಡರಲ್ಲಿ ಒಂದನ್ನು ಆರಿಸಿ. ಐದು ತಾಸು ದೂರದ ನ್ಯುಂಗ್ವೆ ಮಳೆಕಾಡಿಗೆ ಇನ್ನೊಂದು ರಜೆಯೇ ಬೇಕು.

ಊಟ

ಸಸ್ಯಾಹಾರಿಗಳು ಹೆದರಬೇಕಿಲ್ಲ. ನನ್ನ ಗೆಳತಿ ಮಾಂಸ-ಮೊಟ್ಟೆ ಮುಟ್ಟುವವಳಲ್ಲ, ಎಲ್ಲಿಯೂ ಹಸಿದಿರಲಿಲ್ಲ. ಮಧ್ಯಾಹ್ನ ಊರೂರಲ್ಲಿ 'ಮೆಲಾಂಜ್' ಎಂಬ ಬಫೆ ಊಟವಿರುತ್ತದೆ: ಅನ್ನ, ಬೀನ್ಸ್ ಕಾಳಿನ ಸಾರು, ಬೇಯಿಸಿದ ಬಾಳೆಕಾಯಿ, ಗೆಣಸು, ಎಲೆಕೋಸು, 'ಡೋಡೊ' ಎಂದು ಕರೆಯುವ ದಂಟಿನ ಸೊಪ್ಪಿನ ಪಲ್ಯ. ಸಾಮಾನ್ಯವಾಗಿ ಒಂದೇ ಸಲ ಬಡಿಸಿಕೊಳ್ಳುವ ಪದ್ಧತಿ. ಮರಗೆಣಸಿನ ಎಲೆ ಕುಟ್ಟಿ, ಹಲವೆಡೆ ಶೇಂಗಾ ಹಾಕಿ ಬೇಯಿಸುವ 'ಇಸೊಂಬೆ' ರುಚಿಕರ. ಅದರಲ್ಲಿ ಮಾಂಸ ಅಥವಾ ಮೀನು ಬೆರೆತಿದೆಯೇ ಕೇಳಿಕೊಳ್ಳಿ. ಚಪಾತಿ ಎಲ್ಲೆಡೆ ಸಿಗುತ್ತದೆ. ಹಾಲಿನಂಗಡಿಗಳಲ್ಲಿ ಬಿಸಿ ಹಾಲು, 'ಇಕಿವುಗುಟೊ' ಎಂಬ ಗಟ್ಟಿ ಮಜ್ಜಿಗೆ, ಶುಂಠಿ ಹಾಕಿದ ಹಾಲಿನ ಚಹಾ. ಮಾಂಸ ತಿನ್ನುವವರಿಗೆ ಕೆಂಡದಲ್ಲಿ ಸುಟ್ಟ ಆಡಿನ 'ಬ್ರೊಶೆಟ್', ಮೀನಿಷ್ಟವಾದರೆ ಹುರಿದ ಸಂಬಾಜಾ. ಅಡುಗೆಯಲ್ಲಿ ಖಾರ ಕಡಿಮೆ, 'ಅಕಬಾಂಗ' ಎಂಬ ಮೆಣಸಿನೆಣ್ಣೆಯ ಪುಟ್ಟ ಬಾಟಲಿ ಮೇಜಿನ ಮೇಲಿರುತ್ತದೆ. ಬ್ಯಾಡಗಿ ಮೆಣಸು ತಿಂದವರೂ ಎರಡೇ ಹನಿಯಿಂದ ಶುರುಮಾಡಿ. ಹೋಟೆಲಿನಲ್ಲಿ ಹೇಳಿದ ತಿನಿಸು ಬರಲು ಮುಕ್ಕಾಲು ಗಂಟೆಯೂ ಆಗಬಹುದು, ಹಸಿವಾಗುವ ಮೊದಲೇ ಹೇಳಿ.

ಕೈಯಲ್ಲಿರಬೇಕಾದ ಚೀಟಿ

- ಕಲಿಯಬೇಕಾದ ಕಿನ್ಯಾರ್ವಾಂಡಾ ಮಾತುಗಳು: ಮುರಾಹೊ (ನಮಸ್ಕಾರ), ಮುರಾಕೊಜೆ (ಧನ್ಯವಾದ), ಯೆಗೊ (ಹೌದು), ಓಯಾ (ಇಲ್ಲ). ಏನು ಕೇಳುವುದಿದ್ದರೂ ಮೊದಲು ನಮಸ್ಕಾರ ಹೇಳಿ.
- ಜನರ ಫೋಟೊ ತೆಗೆಯುವ ಮೊದಲು ಕೇಳಿ. ಸೈನಿಕರ, ಪೊಲೀಸರ, ಸರ್ಕಾರಿ ಕಟ್ಟಡಗಳ ಫೋಟೊ ಬೇಡ.
- ರಸ್ತೆಯಲ್ಲಿ ಕಸ ಎಸೆಯಬೇಡಿ, ಉಗುಳಬೇಡಿ.
- ಎರಡು ಕಡ್ಡಿಯ ದುಂಡು ಪಿನ್ನಿನ ಚಾರ್ಜರ್ ಅಲ್ಲಿಯ ಪ್ಲಗ್ಗಿಗೆ ಹೊಂದುತ್ತದೆ. ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು.
- ಪಾಸ್‌ಪೋರ್ಟ್, ಲಸಿಕೆ ಪತ್ರ, ವಿಮೆ, ಪರವಾನಗಿಗಳ ಪ್ರತಿಗಳು ಒಬ್ಬರದು ಇನ್ನೊಬ್ಬರ ಫೋನಿನಲ್ಲೂ ಇರಲಿ.
- ಕಿಗಾಲಿಯಲ್ಲಿ ಭಾರತೀಯ ಹೈಕಮಿಷನ್ ಇದೆ. ಅದರ ಫೋನ್ ಸಂಖ್ಯೆಯನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ನೀವು ಹಾಕಿಕೊಂಡ ಪಟ್ಟಿಯಿಂದ ಒಂದು ಜಾಗವನ್ನು ತೆಗೆದುಹಾಕಿ. ಹಾಗೆ ಉಳಿದ ಅರ್ಧ ದಿನದಲ್ಲಿಯೇ ಸಂತೆಯ ದರ್ಜಿಯೊಡನೆ ಮಾತು ಬೆಳೆಯುತ್ತದೆ, ಸ್ಮಾರಕದಲ್ಲಿ ಕಂಡದ್ದರ ಬಗ್ಗೆ ಗೆಳೆಯರಿಬ್ಬರೂ ಬಾಯಿ ಬಿಡಲು ಸಮಯ ಸಿಗುತ್ತದೆ. ಮೂವತ್ತು ವರ್ಷಗಳ ಹಿಂದೆ ಸರ್ವನಾಶವನ್ನು ಕಂಡ ಈ ಜನ ಕಾಡನ್ನೂ ನಗರವನ್ನೂ ನೆರೆಹೊರೆಯ ಬಾಳನ್ನೂ ಮತ್ತೆ ಕಟ್ಟಿಕೊಂಡದ್ದು ಹೇಗೆ ಎಂಬುದು ಆಗ ತಿಳಿಯತೊಡಗುತ್ತದೆ. ರುವಾಂಡಾಕ್ಕೆ ಹೋಗಬೇಕಾದದ್ದು ಅದನ್ನು ತಿಳಿಯುವುದಕ್ಕೆ. ಈ ವಾರವೇ ಲಸಿಕೆ ಕೇಂದ್ರಕ್ಕೆ ಫೋನು ಮಾಡಿ ಇಬ್ಬರ ಹೆಸರನ್ನೂ ಬರೆಸಿ. ಅದೊಂದು ಆದರೆ ಉಳಿದದ್ದು ತಾನಾಗಿ ಮುಂದೆ ಸಾಗುತ್ತದೆ.